ಅಂಬಾಸಡರ್ ಎಬ್ಬಿಸಾಕ ಎಷ್ಟ ಮಂದಿ ದೋಸ್ತರು ಬೇಕು?

ಕಬ್ಬಿನ ಹಂಗಾಮು ಮುಗಿಯುವ ತನಕ ಜಮಖಂಡಿ ಸೀಮೆಯಲ್ಲಿ ಹಳೇ ಕಾರಿಗೆ ಕೈ ಹಾಕಬಾರದು. ದೀಪಾವಳಿಯ ಆಜೂಬಾಜೂ ಸಕ್ಕರೆ ಕಾರ್ಖಾನೆಗಳ ಚಿಮಣಿ ಹೊಗೆಯಾಡತೊಡಗಿದರೆ ಲೇತಿನವನು, ವೆಲ್ಡಿಂಗಿನವನು, ರೇಡಿಯೇಟರ್ ಬೆಸೆಯುವವನು ಎಲ್ಲರೂ ಟ್ರ್ಯಾಕ್ಟರಿನ ಪಾಲು. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಮುಧೋಳದ ದಾರಿ ಹಿಡಿದ ಗಾಡಿಯ ಆಕ್ಸಲ್ ನಡುರಾತ್ರಿ ಮುರಿದರೆ ಬೆಳಗಾಗುವುದರೊಳಗೆ ಅದು ಏಳಬೇಕು. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ತೂಕ ಇಳಿದಷ್ಟೂ ರೈತನ ರೊಕ್ಕ ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಅಂಬಾಸಡರಿನ ಬಾಗಿಲ ಹಿಡಿಕೆಯೊಂದನ್ನು ಹಿಡಿದುಕೊಂಡು ಗ್ಯಾರೇಜಿನ ಮುಂದೆ ನಿಂತವನನ್ನು ಎಂಥ ಬಾಲ್ಯದ ಗೆಳೆಯನೂ ಕಣ್ಣೆತ್ತಿ ನೋಡುವುದಿಲ್ಲ. “ಸೀಜನ್ ಮುಗೀಲಿ, ಆಮ್ಯಾಲ ನೋಡೂಣು” ಎಂಬ ಒಂದೇ ಮಾತು.

ಸೀಜನ್ ಮುಗಿದ ಮೇಲೆ ಬರುವುದು ಉರಿ ಬೇಸಿಗೆ. ಹಿತ್ತಲ ಬೇವಿನ ಗಿಡದ ಕೆಳಗೆ ತಾಡಪತ್ರಿ ಹೊದ್ದು, ನಾಲ್ಕೂ ಚಕ್ರದ ಗಾಳಿ ಇಳಿಸಿಕೊಂಡು, ಕೋಳಿ ಮೊಟ್ಟೆ ಇಡಲು ಹಿಂದಿನ ಸೀಟು ಬಿಟ್ಟುಕೊಟ್ಟು ವರ್ಷಗಟ್ಟಲೆ ನಿಂತಿದ್ದ ಕಾರಿನ ಸುತ್ತ ಆಗ ಜನ ಕೂಡುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ಊರುಗಳಲ್ಲಿ ಹಳೇ ಕಾರಿನ ಮರುಜನ್ಮ ಎಂದರೆ ದೊಡ್ಡ ಊರಿನ ಶೋರೂಮಿನಂಥ ಗ್ಯಾರೇಜಿಗೆ ಕಾರು ಒಪ್ಪಿಸಿ, ಆರು ತಿಂಗಳಿಗೆ ಬಿಲ್ಲು ಕೊಟ್ಟು ಬಿಡಿಸಿಕೊಂಡು ಬರುವ ವ್ಯವಹಾರವಲ್ಲ. ಇಲ್ಲಿ ಅದು ದೋಸ್ತರ ಕೆಲಸ. ಯಾವ ದೋಸ್ತ ಯಾವ ಕೆಲಸಕ್ಕೆ ಎಂಬ ತಿಳಿವಳಿಕೆ ಇದ್ದವನ ಕಾರು ರಸ್ತೆಗೆ ಬರುತ್ತದೆ, ಇಲ್ಲದವನದು ಬೇವಿನ ನೆರಳಿಗೇ ವಾಪಸು.

ಯಾವ ಕಾರು ಎಂದು ಕೇಳುವ ಅಗತ್ಯ ನಮ್ಮ ಕಡೆ ಹೆಚ್ಚು ಬೀಳುವುದಿಲ್ಲ. ಫಿಯೆಟ್ಟಿನ ಪ್ರೇಮಿಗಳಿದ್ದಾರೆ, ವಿಲ್ಲೀಸ್ ಜೀಪು ಎಂದರೆ ಜೀವ ಬಿಡುವವರೂ ಇದ್ದಾರೆ. ಆದರೆ ಡಾಕ್ಟರರ ಮನೆ, ಮಠ, ಸೊಸೈಟಿ ಚೇರ್ಮನ್ನರ ವಾಡೆ, ಮದುವೆಯ ಮೆರವಣಿಗೆ ಎಲ್ಲಕ್ಕೂ ಸಲ್ಲುತ್ತಿದ್ದದ್ದು ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಐವತ್ತರ ದಶಕದ ಕೊನೆಗೆ ಶುರುಮಾಡಿದ ಈ ಕಾರು 2014ರ ಮೇ ತಿಂಗಳ ತನಕ ತಯಾರಾಯಿತು. ಹೊರಮೈ ಹೆಚ್ಚು ಬದಲಾಗಲಿಲ್ಲ. 2017ರಲ್ಲಿ ಅದರ ಹೆಸರನ್ನಷ್ಟೇ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೋ ಕಂಪನಿ ಕೊಂಡುಕೊಂಡಿತು. ಹೆಸರಿಗೆ ಎಂಬತ್ತು ಕೋಟಿ, ಇತ್ತ ಹಿತ್ತಲಲ್ಲಿ ನಿಂತ ಅಸಲಿ ಕಾರಿಗೆ ಗುಜರಿಯವನು ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾನೆ.

ಅರಸೊತ್ತಿಗೆಯ ಕಾರುಗಳ ಕಥೆ ಬೇರೆ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಬಕವಿಯ ಮೇಲೆ ಸಾಂಗಲಿ ಸಂಸ್ಥಾನ, ಹೀಗೆ ಒಂದು ತಾಸಿನ ಹಾದಿಯಲ್ಲಿ ಮೂರು ಗಡಿ ದಾಟಬೇಕಿದ್ದ ಸೀಮೆ ಇದು. ರಾಜರ ಕಾರುಗಳಿಗೆ ವಾರಸುದಾರರೂ ಇರುತ್ತಾರೆ, ಹರಾಜುದಾರರೂ ಇರುತ್ತಾರೆ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಹಾಕಿದಂಥ ಸಂಗ್ರಹದಲ್ಲಿ ಅಂಥವುಗಳಿಗೆ ನೆಲೆ ಸಿಗುತ್ತದೆ. ತಂದೆಯ ಕಾಲದ ಬಿಳಿ ಅಂಬಾಸಡರಿಗೆ ಮ್ಯೂಸಿಯಂ ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಇರುವವರು ದೋಸ್ತರು ಮಾತ್ರ.

ಕೆಲಸ ಶುರುವಾಗುವುದು ಇಂಜಿನ್ನಿನಿಂದ ಅಂದುಕೊಳ್ಳುವವರೇ ಹೆಚ್ಚು. ವರ್ಷಗಟ್ಟಲೆ ನಿಂತ ಇಂಜಿನ್ನಿನ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿರುತ್ತದೆ. ಆಗ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯುವುದು ಅವಸರಗೇಡಿತನ. ಪ್ಲಗ್ ಬಿಚ್ಚಿ, ಆ ರಂಧ್ರಗಳಿಗೆ ಒಂದಿಷ್ಟು ಎಣ್ಣೆ ಬಿಟ್ಟು, ಕೆಲವು ದಿನ ಸುಮ್ಮನಿದ್ದು, ಆಮೇಲೆ ಮುಂದಿನ ಬಂಪರಿನ ನಡುವೆ ಹ್ಯಾಂಡಲ್ ತೂರಿಸಿ ಕೈಯಿಂದಲೇ ಮೆಲ್ಲಗೆ ತಿರುವಿ ನೋಡಬೇಕು. ತಿರುಗಿತೆಂದರೆ ಅರ್ಧ ಧೈರ್ಯ ಬಂತು. ಆ 1,489 ಸಿಸಿ ಇಂಜಿನ್ ಬಹಳ ಸರಳ ಮನಸ್ಸಿನದು: ಕಿಡಿ ಹಾರುವ ಸರದಿ ಒಂದು, ಮೂರು, ನಾಲ್ಕು, ಎರಡು, ಪಾಯಿಂಟಿನ ನಡುವಿನ ಸಂದು 0.4 ಮಿಲಿಮೀಟರಿನ ಹತ್ತಿರ. ಫೀಲರ್ ಗೇಜ್ ಇಲ್ಲದಿದ್ದರೆ ದಪ್ಪ ಕಾಗದ ಮಡಚಿ ತೂರಿಸಿ ನೋಡಿಯೇ ಹೊಂದಿಸಿದ ಮೇಸ್ತ್ರಿಗಳಿದ್ದರು. ಈ ಕಾರಿನ ಆರೋಗ್ಯ ತಿಳಿಯಲು ಕಂಪ್ಯೂಟರ್ ಜೋಡಿಸುವ ಕೆಲಸವಿಲ್ಲ. ಕಿವಿ ಇದ್ದರೆ ಸಾಕು.

ನಿಜವಾದ ಶತ್ರು ಕುಳಿತಿರುವುದು ಕೆಳಗೆ, ತಗಡಿನಲ್ಲಿ. ಅಂಬಾಸಡರಿಗೆ ಜೀಪಿನಂತೆ ಬೇರೆ ಚಾಸಿ ಇಲ್ಲ. ಮೈಯೇ ಅದರ ಎಲುಬು. ಕಾಲ ಕೆಳಗಿನ ತಗಡು, ಬಾಗಿಲ ಹೊಸ್ತಿಲು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ ಇವು ತುಕ್ಕು ಹಿಡಿದರೆ ಗಾಡಿಯ ಬಲವೇ ಹೋದಂತೆ. ಮೇಲೆ ಪುಟ್ಟಿ ಮೆತ್ತಿ, ಹೊಳೆಯುವ ಬಣ್ಣ ಹೊಡೆದು ಮಾರಿದ ಕಾರಿನ ಕಾರ್ಪೆಟ್ಟು ಎತ್ತಿದರೆ ನೆಲದ ಮಣ್ಣು ಕಾಣುವುದುಂಟು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ದಂಡೆಯ ಹಳ್ಳಿಗಳಿಗೆ ನುಗ್ಗಿದವು. ಅಂಥ ನೀರಿನಲ್ಲಿ ನಿಂತ ಗಾಡಿಯ ಒಳಗೋಡೆಗಳಲ್ಲಿ ಒಂಡು ಮಣ್ಣು ಕುಳಿತುಬಿಡುತ್ತದೆ, ಒಣಗಿದ ಮೇಲೂ ಪ್ರತಿ ಮಳೆಗಾಲ ತೇವ ಕುಡಿದು ಒಳಗಿಂದಲೇ ತಗಡು ತಿನ್ನುತ್ತದೆ. ಹಾಗಾಗಿ ಈ ಭಾಗದಲ್ಲಿ ಹಳೇ ಕಾರು ಕೊಳ್ಳುವವನ ಮೊದಲ ಪ್ರಶ್ನೆ ಇಂಜಿನ್ನಿನ ಬಗ್ಗೆ ಇರಬಾರದು. ನೀರು ಎಲ್ಲಿಯ ತನಕ ಬಂದಿತ್ತು ಎಂದು ಕೇಳಬೇಕು.

ಇನ್ನು ದೋಸ್ತರು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೆಳಗಿನಿಂದ ಮಗ್ಗದ ಖಟಪಟ. ಪವರ್‌ಲೂಮ್ ಎಂಬುದು ಗೇರು, ಬುಶ್ಶು, ಸ್ಪ್ರಿಂಗು, ಚರ್ಮದ ಪಟ್ಟಿ, ಮೋಟರುಗಳ ಕೂಟ. ದಿನವಿಡೀ ಬಡಿದಾಡುವ ಯಂತ್ರವಾದ್ದರಿಂದ ಏನಾದರೊಂದು ಸವೆಯುತ್ತಲೇ ಇರುತ್ತದೆ. ಸವೆದ ಭಾಗ ಹೊಸದು ತರಿಸುವುದಕ್ಕಿಂತ ಲೇತಿನ ಮೇಲೆ ತಿರುವಿಸಿ ಮಾಡಿಕೊಳ್ಳುವುದೇ ಅಲ್ಲಿಯ ರೂಢಿ. ಅಂಥ ಊರಿನಲ್ಲಿ ಬೆಳೆದ ಕೈಗೆ ಅಂಬಾಸಡರಿನ ಗೇರ್ ಸಳಿಯ ಸವೆದ ಬುಶ್ಶು ಏನು ಮಹಾ! ಹಳೇ ಅಂಬಾಸಡರುಗಳಲ್ಲಿ ಗೇರು ಇರುವುದು ಸ್ಟಿಯರಿಂಗಿನ ಕೆಳಗೆ. ಅಲ್ಲಿಂದ ಗೇರ್‌ಬಾಕ್ಸಿನ ತನಕ ಹೋಗುವ ಸಳಿಗಳ ಕೀಲು ಸಡಿಲಾದರೆ ಮೊದಲನೇ ಗೇರು ಹುಡುಕುವುದೇ ಒಂದು ತಪಸ್ಸು. ಮಗ್ಗ ರಿಪೇರಿಯ ಗೆಳೆಯ ಕೆಳಗೆ ಮಲಗಿ, ಬೆರಳಲ್ಲೇ ಅಲುಗಾಡಿಸಿ ನೋಡಿ, “ಇದರಾಗ ಅರ್ಧ ನೂಲು ಆಟ ಐತಿ” ಅಂತಾನೆ. ಸಂಜೆಗೆ ಹಿತ್ತಾಳೆಯ ಬುಶ್ಶು ತಯಾರು. ಅಂಗಡಿಯಲ್ಲಿ ಸಿಗುವ ಮಾಲಿಗಿಂತ ಅದು ಹೆಚ್ಚು ಬಾಳುತ್ತದೆಂದು ಅವನ ಹಟ, ನನಗೂ ಹಾಗೇ ಅನ್ನಿಸಿದೆ.

ಮುಧೋಳದ ಕಡೆಯ ದೋಸ್ತನೆಂದರೆ ಬಹುಮಟ್ಟಿಗೆ ಸಕ್ಕರೆ ಕಾರ್ಖಾನೆಯ ಫಿಟ್ಟರೋ ವೆಲ್ಡರೋ. ಕಾರ್ಖಾನೆ ನಿಂತ ತಿಂಗಳುಗಳಲ್ಲಿ ಅಲ್ಲಿಯ ಯಂತ್ರಗಳಿಗೇ ದುರಸ್ತಿಯ ಕಾಲವಾದರೂ ಪಾಳಿ ಹಗುರ. ದಪ್ಪ ಪ್ಲೇಟುಗಳಿಗೆ ಒಗ್ಗಿದ ಅವನ ಕೈಗೆ ಕಾರಿನ ತೆಳು ತಗಡು ಮೊದಮೊದಲು ಒಗ್ಗುವುದಿಲ್ಲ. ಕರೆಂಟು ಇಳಿಸದೆ ಮುಟ್ಟಿದರೆ ಬೆಸುಗೆಯ ಬದಲು ತೂತು. ಅಲ್ಲಿ ಒಂದು ಚುಕ್ಕಿ, ಇಲ್ಲಿ ಒಂದು ಚುಕ್ಕಿ ಎಂದು ದೂರ ದೂರ ಹಿಡಿದು, ನಡುವೆ ತಣಿಯಲು ಬಿಟ್ಟು ಮುಂದುವರಿಯಬೇಕು, ಇಲ್ಲದಿದ್ದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಬೀಳಗಿಯ ಗೆಳೆಯ ಪಂಪ್‌ಸೆಟ್ ಮೋಟರು ಸುತ್ತುವವನು. ಆಲಮಟ್ಟಿಯ ಹಿನ್ನೀರು ಬಂದ ಮೇಲೆ ಆ ತಾಲ್ಲೂಕಿನ ಹೊಲಗಳೂ ಮುಳುಗಿದವು, ಉಳಿದ ಹೊಲಗಳಿಗೆ ಪಂಪುಗಳೂ ಬಂದವು. ತಾಮ್ರದ ತಂತಿ ಸುತ್ತುವ ಆ ಬೆರಳುಗಳಿಗೆ ಕಾರಿನ ಡೈನಮೊ, ಸ್ಟಾರ್ಟರ್ ಮೋಟರು ಆಟಿಕೆಯಿದ್ದಂತೆ. ಆದರೆ ವೈರಿಂಗಿನ ವಿಷಯಕ್ಕೆ ಅವನನ್ನು ಒಬ್ಬನೇ ಬಿಡಬೇಡಿ. ಹೊಲದ ಶೆಡ್ಡಿನಲ್ಲಿ ಮಾಡುವಂತೆ ಸಿಕ್ಕ ಬಣ್ಣದ ತಂತಿ ಜೋಡಿಸಿ ಟೇಪು ಸುತ್ತಿಬಿಟ್ಟರೆ, ಮುಂದಿನ ಮಳೆಗಾಲಕ್ಕೆ ಯಾವ ತಂತಿ ಹಾರ್ನಿನದು ಯಾವುದು ವೈಪರಿನದು ಎಂದು ಅವನಿಗೇ ತಿಳಿಯುವುದಿಲ್ಲ.

ಬಿಡಿಭಾಗ ತರುವ ಗೆಳೆಯರದು ಇನ್ನೊಂದು ಪಂಗಡ. ಬಾಗಲಕೋಟೆ–ಕುಡಚಿ ರೈಲು ಮಾರ್ಗ 2010ರ ಸುಮಾರಿಗೆ ಮಂಜೂರಾದರೂ ಈ ಊರುಗಳು ಬಸ್ಸನ್ನೇ ನೆಚ್ಚಿಕೊಂಡವು. ಹೀಗಾಗಿ ಯಾರು ಯಾವ ಊರಿಗೆ ಹೊರಟಿದ್ದಾರೆ ಎಂಬ ಸುದ್ದಿ ಹಳೇ ಕಾರಿನವನಿಗೆ ಬಹಳ ಮುಖ್ಯ. ಮಿರಜಿಗೆ ದವಾಖಾನೆಗೆ ಹೊರಟ ಕಾಕಾನ ಕೈಗೆ ಸವೆದ ವಾಟರ್ ಪಂಪು ಕೊಟ್ಟು, “ಕೊಲ್ಹಾಪುರಕ್ಕ ಹೋದ್ರ ಇದರಂಥಾದ್ದ ಒಂದು ನೋಡ್ರಿ” ಎಂದು ಅಂಗಲಾಚಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸಕ್ಕಿರುವ ಭಾವನಿಗೆ ಫೋಟೊ ಕಳಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆ, ದೆಹಲಿಯ ಕಾಶ್ಮೀರಿ ಗೇಟ್, ಕೋಲ್ಕತ್ತದ ಮಲ್ಲಿಕ್ ಬಜಾರ್ ಅಂಬಾಸಡರಿನ ಹಳೇ ದಾಸ್ತಾನಿಗೆ ಹುಡುಕಬೇಕಾದ ಜಾಗಗಳು. ಕಾರು ಹುಟ್ಟಿದ ಸೀಮೆಯಾದ್ದರಿಂದ ಕೋಲ್ಕತ್ತಕ್ಕೆ ಯಾರಾದರೂ ಹೊರಟರಂತೂ ಪಟ್ಟಿ ಮದುವೆಯ ಕಿರಾಣಿ ಚೀಟಿಯಷ್ಟು ಉದ್ದವಾಗುತ್ತದೆ. ಸಾರಿಗೆ ಸಂಸ್ಥೆಗಳು 2021ರಲ್ಲಿ ‘ನಮ್ಮ ಕಾರ್ಗೋ’ ಶುರುಮಾಡಿದ ಮೇಲೆ ಬಸ್ಸಿನಲ್ಲೇ ಪಾರ್ಸೆಲ್ ಬರುವುದರಿಂದ ತುಸು ಅನುಕೂಲ. ಆದರೂ ಮುಂದಿನ ಗಾಜಿನಂಥ ವಸ್ತುವನ್ನು ದೋಸ್ತನೊಬ್ಬ ಮಡಿಲಲ್ಲಿಟ್ಟುಕೊಂಡು ತಂದರೇ ನೆಮ್ಮದಿ.

ತುಕ್ಕು ಬಿಡಿಸುವ ವಿದ್ಯೆಯೊಂದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದರ ಮದ್ದು ಈ ಸೀಮೆಯಲ್ಲೇ ಹುಟ್ಟುತ್ತದೆ. ಹಳೇ ಕಾರು ದುರಸ್ತಿಯವರು ಜಗತ್ತಿನ ಹಲವೆಡೆ ಕಾಕಂಬಿಯ ನೀರಿನಲ್ಲಿ ಕಬ್ಬಿಣದ ಭಾಗಗಳನ್ನು ನೆನೆಹಾಕುತ್ತಾರೆ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು. ಒಂದೆರಡು ವಾರ ಮುಳುಗಿಸಿಟ್ಟರೆ ಅದರೊಳಗಿನ ರಾಸಾಯನಿಕಗಳು ತುಕ್ಕನ್ನು ಮೆಲ್ಲಗೆ ಹಿಡಿದೆಳೆದು ಕರಗಿಸುತ್ತವೆ, ಒಳ್ಳೆಯ ಕಬ್ಬಿಣದ ತಂಟೆಗೆ ಹೆಚ್ಚು ಹೋಗುವುದಿಲ್ಲ. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಬಾರದು, ತಿಂದುಹಾಕೀತು. ಕಾಕಂಬಿ ಅಬಕಾರಿ ಇಲಾಖೆಯ ಲೆಕ್ಕಕ್ಕೆ ಬರುವ ಸರಕಾದ್ದರಿಂದ ಕಾರ್ಖಾನೆಯ ದೋಸ್ತನನ್ನು ಒಂದು ಡಬ್ಬಿ ತಾ ಎಂದು ಪೀಡಿಸುವುದು ಸರಿಯಲ್ಲ. ದನದ ಮೇವಿಗೆ ಮಾರುವ ಕಡೆ ನೇರವಾಗಿ ಕೊಂಡರಾಯಿತು. ಮಹಾಲಿಂಗಪುರದ ಬೆಲ್ಲದ ಪೇಟೆ ಪಕ್ಕದಲ್ಲೇ ಇದೆ. ತಿನ್ನಲು ಬಾರದ ಕಪ್ಪು ಬೆಲ್ಲ ಕರಗಿಸಿ ಪ್ರಯೋಗ ಮಾಡುವ ಹುಮ್ಮಸ್ಸಿನವರೂ ಇದ್ದಾರೆ. ಡ್ರಮ್ಮು ಮನೆಯಿಂದ ದೂರ ಇರಲಿ. ಹುಳಿತ ಕಾಕಂಬಿಯ ವಾಸನೆಗೆ ಓಣಿಯವರೆಲ್ಲ ಬಂದು ಇಲ್ಲಿ ಕಂಟ್ರಿ ಸಾರಾಯಿ ಕಾಸುತ್ತಿದ್ದೀರಾ ಎಂದು ಕೇಳುತ್ತಾರೆ. ಹೊರತೆಗೆದ ಭಾಗವನ್ನು ತಕ್ಷಣ ತೊಳೆದು, ಒಣಗಿಸಿ, ಎಣ್ಣೆಯೋ ಪ್ರೈಮರೋ ಹಚ್ಚದಿದ್ದರೆ ಮರುದಿನವೇ ಕೆಂಪು ಮತ್ತೆ ಹಾಜರು.

ಅದೇ ಕಬ್ಬು ಇನ್ನೊಂದು ದಾರಿಯಿಂದ ಬಂದು ಇದೇ ಕಾರನ್ನು ಕಾಡುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಿ ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು, ಈಗ ಬಂಕುಗಳಲ್ಲಿ ಅದೇ ಸಾಮಾನ್ಯ. ಈ ಭಾಗದ ಸಕ್ಕರೆ ಕಾರ್ಖಾನೆಗಳಿಗೆ ಎಥೆನಾಲ್ ಹೊಸ ಉಸಿರು ಕೊಟ್ಟಿದೆ. ಆದರೆ ಅಂಬಾಸಡರಿನ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಪೊರೆ, ಕಾರ್ಬ್ಯುರೇಟರಿನ ಬೆಂಡಿನ ವಾಷರು ಇವೆಲ್ಲ ಬೇರೆ ಕಾಲದ ಮಾಲು. ಎಥೆನಾಲ್ ತಗುಲಿದರೆ ಉಬ್ಬುತ್ತವೆ, ಬಿರಿಯುತ್ತವೆ. ಅದು ಗಾಳಿಯ ತೇವವನ್ನೂ ಹೀರುವುದರಿಂದ ಹೆಚ್ಚು ದಿನ ನಿಂತ ಕಾರಿನ ಟಾಕಿಯ ತಳದಲ್ಲಿ ನೀರು ಸೇರಿ ಒಳಗಿಂದ ತುಕ್ಕು. ಕಬ್ಬು ಬೆಳೆದ ಗೆಳೆಯ, ಸಕ್ಕರೆ ಅರೆದ ಗೆಳೆಯ, ಪೈಪು ಸೋರುವ ಕಾರಿನ ಮಾಲೀಕ ಮೂವರೂ ಒಂದೇ ಬೆಂಚಿನ ಮೇಲೆ ಚಾ ಕುಡಿಯುತ್ತಾ ಈ ವಿಷಯಕ್ಕೆ ಜಗಳವಾಡುವುದು ನೋಡುವಂಥದ್ದು. ಪರಿಹಾರ ಕಷ್ಟದ್ದೇನಲ್ಲ: ಎಥೆನಾಲ್ ತಾಳುವ ಹೊಸ ಪೈಪು ಮತ್ತು ಸೀಲು ಹಾಕಿಸಬೇಕು, ಎಥೆನಾಲಿಗೆ ಲೀಟರಿಗೆ ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಶಕ್ತಿ ಕಡಿಮೆಯಾದ್ದರಿಂದ ಜೆಟ್ಟು ತುಸು ದೊಡ್ಡದು ಮಾಡಬೇಕು, ಕಾರನ್ನು ವಾರಕ್ಕೊಮ್ಮೆಯಾದರೂ ಓಡಿಸಬೇಕು.

ಈಗ ಎಲ್ಲಕ್ಕಿಂತ ಕಷ್ಟದ ವಿಷಯಕ್ಕೆ ಬರುತ್ತೇನೆ: ರೊಕ್ಕ. ದೋಸ್ತ ಮಾಡಿದ ಕೆಲಸಕ್ಕೆ ರೊಕ್ಕ ಕೊಡಲು ಹೋದರೆ ಅವನಿಗೆ ಸಿಟ್ಟು. ಕೊಡದಿದ್ದರೆ ಅವನ ಹೆಂಡತಿಗೆ ಸಿಟ್ಟು, ಅದೂ ನ್ಯಾಯವೇ. ಭಾನುವಾರ ಬೆಳಗ್ಗೆ ಹೋದ ಗಂಡ ಕತ್ತಲಾದ ಮೇಲೆ ಗ್ರೀಸು ಮೆತ್ತಿದ ಅಂಗಿಯಲ್ಲಿ ಬಂದರೆ ಆಕೆ ಯಾರ ಕಾರಿನ ಸಲುವಾಗಿ ಸಹಿಸಬೇಕು? ‘ಚುನಮರಿ ಸೂಸಲಾ, ಮಿರ್ಚಿ ಕೊಟ್ಟರೆ ಆಯಿತು’ ಅಂದುಕೊಂಡವನ ಕಾರು ಪ್ರೈಮರಿನ ಹಂತದಲ್ಲೇ ನಿಂತಿರುವುದನ್ನು ಕಂಡಿದ್ದೇನೆ. ಸಾಮಾನಿನ ರೊಕ್ಕ, ಲೇತಿನ ರೊಕ್ಕ, ಗ್ಯಾಸಿನ ರೊಕ್ಕ ಅಂದಂದೇ ಎಣಿಸಿ ಕೊಡಬೇಕು. ಅದು ದೋಸ್ತನ ಅನ್ನದ ಲೆಕ್ಕ, ದೋಸ್ತಿಯ ಲೆಕ್ಕವಲ್ಲ. ಅವನ ಮೈದುಡಿಮೆಗೆ ಮಾತ್ರ ಮುಯ್ಯಿ. ಅವನ ಬಿತ್ತನೆಗೆ ಟ್ರ್ಯಾಕ್ಟರು ಕಳಿಸುವುದು, ಮಗಳ ಮದುವೆಯ ಹಿಂದಿನ ರಾತ್ರಿ ಹಂದರದ ಕೆಳಗೆ ನಿದ್ದೆಗೆಟ್ಟು ನಿಲ್ಲುವುದು, ಮಗನ ಶಾಲೆಯ ಅರ್ಜಿ ತುಂಬಿಕೊಡುವುದು. ಹೊಲದಲ್ಲಿ ಮುಯ್ಯಾಳು ನಡೆದುಕೊಂಡು ಬಂದಿದ್ದು ಹೀಗೇ. ಕಾರಿಗೂ ಅದೇ ನಿಯಮ.

ಈ ಸೀಮೆಯವರು ಕೂಡಿ ದುಡಿಯುವುದರಲ್ಲಿ ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ಜಮಖಂಡಿಯ ಹತ್ತಿರ ಕೃಷ್ಣೆಗೆ ಅಡ್ಡಲಾಗಿ ಸಾಕ್ಷಿ ನಿಂತಿದೆ. ಚಿಕ್ಕಪಡಸಲಗಿಯ ಬ್ಯಾರೇಜು, ‘ಶ್ರಮಬಿಂದು ಸಾಗರ’. ಸರ್ಕಾರದ ದಾರಿ ಕಾಯದೆ ದಂಡೆಯ ರೈತರು ತಮ್ಮದೇ ರೊಕ್ಕ ಕೂಡಿಸಿ, ತಾವೇ ದುಡಿದು 1989ರಲ್ಲಿ ಕಟ್ಟಿ ನಿಲ್ಲಿಸಿದರು. ಮುಂದೆ ನಿಂತಿದ್ದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದರು, 1991ರಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಹೋದರು. ಬ್ಯಾರೇಜಿಗೂ ಕಾರಿಗೂ ಎಲ್ಲಿಯ ಸಂಬಂಧ ಎನ್ನಬಹುದು. ಗಾತ್ರ ಬೇರೆ, ಒಪ್ಪಿದೆ. ಆದರೆ ಅಲ್ಲಿಯೂ ರೊಕ್ಕ ಎಷ್ಟು, ಬೆವರು ಎಷ್ಟು ಎಂದು ಬೇರೆ ಬೇರೆ ಲೆಕ್ಕ ಇಟ್ಟಿದ್ದರಿಂದಲೇ ಕೆಲಸ ದಡ ಸೇರಿತು ಎಂದು ನನ್ನ ಅನಿಸಿಕೆ.

ದೋಸ್ತರಿಗೆ ಬಿಡಬಾರದ ಕೆಲಸಗಳೂ ಇವೆ, ಇಲ್ಲಿ ದಾಕ್ಷಿಣ್ಯ ಸಲ್ಲದು. ಮೊದಲನೆಯದು ಬ್ರೇಕು. ಹಳೇ ಅಂಬಾಸಡರಿನ ನಾಲ್ಕೂ ಚಕ್ರಗಳಿಗೆ ಒಂದೇ ಮಾಸ್ಟರ್ ಸಿಲಿಂಡರಿನಿಂದ ಒಂದೇ ದಾರಿಯಲ್ಲಿ ಎಣ್ಣೆ ಹೋಗುತ್ತದೆ. ಎಲ್ಲೋ ಒಂದು ಪೈಪು ಒಡೆದರೆ ನಾಲ್ಕೂ ಹೋದವು. ಬ್ರೇಕಿನ ಎಣ್ಣೆ ನೀರು ಹೀರುವ ಗುಣದ್ದು, ಹಳತಾದರೆ ಸಿಲಿಂಡರಿನ ಒಳಮೈ ಕೊರೆಯುತ್ತದೆ. ಇಲ್ಲಿ ಪೂರ್ತಿ ಹೊಸ ಕಪ್ಪು, ಹೊಸ ಪೈಪು, ದಿನಾ ಇದೇ ಕೆಲಸ ಮಾಡುವ ಮೇಸ್ತ್ರಿ, ಅವನಿಗೆ ಪೂರ್ತಿ ಕೂಲಿ. “ನಾ ಮಾಡ್ತೀನಿ ಬಿಡಲೇ” ಎನ್ನುವ ದೋಸ್ತನಿಗೆ ನಮಸ್ಕಾರ. ಎರಡನೆಯದು ಮುಂದಿನ ಸಸ್ಪೆನ್ಶನ್ನು. ಅಂಬಾಸಡರಿನ ಮುಂಭಾಗ ನಿಂತಿರುವುದು ಟಾರ್ಶನ್ ಬಾರ್ ಮೇಲೆ, ಅಂದರೆ ತಿರುಚಿಟ್ಟ ಉಕ್ಕಿನ ಸಳಿ. ಕಾರಿನ ಭಾರವೆಲ್ಲ ಆ ತಿರುಚಿನಲ್ಲಿ ಅಡಗಿದೆ. ತಿಳಿಯದೆ ನಟ್ಟು ಬಿಚ್ಚಿದವನ ಕೈ ಮುರಿದೀತು. ಮೂರನೆಯದು ಚಾಸಿ ನಂಬರು ಕೊರೆದ ಜಾಗ. ತುಕ್ಕು ಉಜ್ಜುವ ಭರದಲ್ಲಿ ಅದರ ಮೇಲೆ ಗ್ರೈಂಡರು ಓಡಿತೆಂದರೆ ಕಾರು ಹೊಳೆಯುತ್ತದೆ, ಕಾಗದಪತ್ರದ ಪ್ರಕಾರ ಸತ್ತಂತೆಯೇ.

ಕಾಗದಪತ್ರಕ್ಕೂ ಒಬ್ಬ ದೋಸ್ತ ಬೇಕು, ಸಾಮಾನ್ಯವಾಗಿ ಮೇಷ್ಟ್ರು ಅಥವಾ ವಕೀಲ, ಪಾನಾ ಹಿಡಿಯಲು ಬಾರದವನು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಜಮಖಂಡಿಯಲ್ಲೇ ಸಾರಿಗೆ ಕಚೇರಿ ಇರುವುದರಿಂದ, ಅಂದರೆ ಕೆಎ 48ರ ಊರಾದ್ದರಿಂದ, ಬಾಗಲಕೋಟೆಗೆ ಅಲೆಯುವ ತಾಪತ್ರಯವಿಲ್ಲ. ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಕೂಡಿಸಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಿರಬೇಕು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಅಸಲಿ ರೂಪ ಉಳಿಸಿಕೊಂಡ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ ‘ವಿಎ’ ಎಂಬ ಗುರುತು, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ಮರುನೋಂದಣಿಗೆ 5,000. ಆದರೆ ವಿಂಟೇಜ್ ಆದ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಗಳಿಗಲ್ಲದೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ, ಬಾಡಿಗೆಗೂ ಬಿಡುವಂತಿಲ್ಲ. ಬನಶಂಕರಿ ಜಾತ್ರೆಗೆ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಆಸೆಯಿದ್ದವರು ಸಾಮಾನ್ಯ ನವೀಕರಣವನ್ನೇ ನೆಚ್ಚಿಕೊಳ್ಳುವುದು ಲೇಸು.

ಕೊನೆಗೆ ಉಳಿಯುವುದು ಬಣ್ಣದ ಜಗಳ. ಇಂಜಿನ್ನಿಗೆ, ತಗಡಿಗೆ, ಗೇರಿಗೆ ಒಮ್ಮತದಿಂದ ದುಡಿದ ದೋಸ್ತರು ಬಣ್ಣದ ಮಾತು ಬಂದೊಡನೆ ಪಕ್ಷ ಪಕ್ಷವಾಗಿ ಒಡೆಯುತ್ತಾರೆ. ಬಿಳಿಯೇ ಇರಲಿ ಎನ್ನುವವನು, ಕರಿ ಬಣ್ಣದ ಮೇಲೆ ಹಳದಿ ಛಾವಣಿ ಹೊಡೆದು ಟ್ಯಾಕ್ಸಿ ಮಾಡೋಣ ಎನ್ನುವ ಚೇಷ್ಟೆಯವನು, ಬನಹಟ್ಟಿ ಸೀರೆಯ ಅಂಚಿನಂಥ ಕೆಂಪು ಪಟ್ಟಿ ಬೇಕೇ ಬೇಕು ಎನ್ನುವವನು. ನನ್ನ ಮಟ್ಟಿಗೆ, ಇಲ್ಲಿ ಮಾಲೀಕ ಯಾರ ಮಾತನ್ನೂ ಕೇಳಬಾರದು. ಖಂಡೇಪೂಜೆಯ ಹೊತ್ತಿಗೆ ಬಣ್ಣ ಒಣಗಿ, ಬಂಪರಿಗೆ ಚೆಂಡುಹೂವಿನ ಹಾರ ಬಿದ್ದು, ಚಕ್ರದ ಕೆಳಗೆ ನಿಂಬೆಹಣ್ಣು ಒಡೆದರೆ ಒಂದು ಸುತ್ತು ಮುಗಿಯಿತು. ಆ ಹೊತ್ತಿಗೆ ಕಬ್ಬಿನ ಹಂಗಾಮು ಮತ್ತೆ ಬಾಗಿಲಿಗೆ ಬಂದಿರುತ್ತದೆ. ವೆಲ್ಡಿಂಗಿನ ದೋಸ್ತನ ಹೊಲದಲ್ಲಿ ಒಂದು ವಿಲ್ಲೀಸ್ ಜೀಪು ಹುಣಸೆ ಗಿಡಕ್ಕೆ ಒರಗಿ ನಿಂತಿದೆ. ಮುಂದಿನ ಬೇಸಿಗೆ ಅದರ ಪಾಳಿ, ಅಂಬಾಸಡರಿನ ಮಾಲೀಕ ತನ್ನ ಪಾನಾ ಸೆಟ್ಟು ತೆಗೆದುಕೊಂಡು ಮೊದಲ ಭಾನುವಾರವೇ ಹಾಜರಿರಬೇಕು.